ಅಳುವ ಕೋಣೆ

ಬೀಗದಕ್ಕನ ತಲೆ ಕೆಟ್ಟದ್ದು ಹುಡುಗರ ಕಡೆಯ ಕೋಣೆ ಸೋರತೊಡಗಿದ ಮೇಲೆ. ಅಲ್ಲಿಯವರೆಗೆ ಅವಳ ಲೋಕ ಸರಿಯಾಗಿಯೇ ಇತ್ತು. ಬೀಗದಕೈ ಗೊಂಚಲು ಸೊಂಟದಲ್ಲಿ, ನೋವು ಮೊಣಕಾಲಿನಲ್ಲಿ, ಬೈಗುಳ ನಾಲಿಗೆಯ ತುದಿಯಲ್ಲಿ, ಎಲ್ಲವೂ ಅದರದರ ಜಾಗದಲ್ಲಿದ್ದವು.

ಅವಳು ಕೆಲಸ ಮಾಡುತ್ತಿದ್ದದ್ದು ಸುಧಾರಣಾಲಯದಲ್ಲಿ. ಹದಿನೆಂಟು ತುಂಬುವ ಮೊದಲೇ ಕಾನೂನಿನ ಕೈಗೆ ಸಿಕ್ಕಿಬಿದ್ದ ಮಕ್ಕಳನ್ನು ತಂದು ಇಡುವ ಉದ್ದನೆಯ ಕಟ್ಟಡ ಅದು. ಎಡಗಡೆ ಹುಡುಗಿಯರು, ಬಲಗಡೆ ಹುಡುಗರು, ನಡುವೆ ಸದಾ ಬೀಗ ಹಾಕಿದ ಒಂದು ಬಾಗಿಲು. ಎಡಗಡೆಯ ಉಸ್ತುವಾರಿ ಬೀಗದಕ್ಕನದ್ದು. ಬಲಗಡೆಯದ್ದು ಡ್ರಿಲ್ ಮಾಸ್ತರದ್ದು. ಇಬ್ಬರ ಮೇಲೂ ಸಾಹೇಬರು. ಸಾಹೇಬರ ಮೇಲೆ ಸದಾ ಕಿರಗುಡುವ ಒಂದು ಫ್ಯಾನು.

ಎರಡೂ ಕಡೆ ಒಂದೊಂದು ಒಂಟಿ ಕೋಣೆ ಇತ್ತು. ಹುಡುಗಿಯರ ಕಡೆಯ ಕೋಣೆಗೆ ‘ವಿಶ್ರಾಂತಿ ಕೋಣೆ’ ಎಂದು ಬೋರ್ಡು ಬರೆಸಿದ್ದರು. ಹುಡುಗಿಯರು ಅದನ್ನು ಅಳುವ ಕೋಣೆ ಎನ್ನುತ್ತಿದ್ದರು. ನೆಲದ ಮೇಲೆ ದಪ್ಪ ಹಾಸಿಗೆ, ಕಿಟಕಿಗೆ ಪರದೆ, ಮೂಲೆಯಲ್ಲಿ ನೀರಿನ ಹೂಜಿ. ಯಾವಳಿಗಾದರೂ ದುಃಖ ಒತ್ತಿಕೊಂಡು ಬಂದರೆ ಬೀಗದಕ್ಕನ ಸೆರಗು ಹಿಡಿದು, “ಅಕ್ಕಾ, ಅಳು ಬರ್ತಿದೆ, ಬಾಗಿಲು ತೆಗಿ” ಎನ್ನುವುದು, ಒಳಗೆ ಹೋಗಿ ಹೊಟ್ಟೆ ತುಂಬ ಅತ್ತು ಮುಖ ತೊಳೆದುಕೊಂಡು ಬರುವುದು. ಬಂದವಳು ಮರುಕ್ಷಣವೇ ಬಾಚಣಿಗೆಗಾಗಿ ಜಗಳಕ್ಕೆ ನಿಂತರೂ ನಿಂತಳೇ. ಹುಡುಗರ ಕಡೆಯ ಕೋಣೆಯ ಹೆಸರು ‘ತಣ್ಣಗಾಗುವ ಕೋಣೆ.’ ಅಲ್ಲಿ ಇದ್ದದ್ದು ಸಿಮೆಂಟಿನ ಕಟ್ಟೆ, ಕಬ್ಬಿಣದ ಬಾಗಿಲು, ಬಾಗಿಲಲ್ಲೊಂದು ಇಣುಕುಕಿಂಡಿ. ಅಲ್ಲಿಗೆ ಯಾರೂ ಕೇಳಿಕೊಂಡು ಹೋಗುತ್ತಿರಲಿಲ್ಲ. ಏನಾದರೂ ಒಡೆದರೆ ಅಥವಾ ಯಾರಿಗಾದರೂ ಹೊಡೆದರೆ ಎಳೆದೊಯ್ದು ನೂಕುತ್ತಿದ್ದರು.

ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರಮ್ಮ ಬರುತ್ತಿದ್ದಳು. ಚಿಕ್ಕ ವಯಸ್ಸಿನವಳು, ಒಳ್ಳೆಯವಳು, ಬಂದಾಗಲೆಲ್ಲ ಊಟಕ್ಕೆ ಸಮಯವಿಲ್ಲದವಳು. ಹುಡುಗಿಯರ ಕತೆ ಕೇಳುವುದರಲ್ಲಿಯೇ ಅವಳ ದಿನ ಮುಗಿದುಹೋಗುತ್ತಿತ್ತು. ಬಲಗಡೆಗೆ ಹೋದರೆ ಹುಡುಗರು ಸಾಲಾಗಿ ನಿಂತು, “ಚೆನ್ನಾಗಿದೀವಿ ಮೇಡಂ” ಎನ್ನುತ್ತಿದ್ದರು. ಚೆನ್ನಾಗಿದ್ದವರನ್ನು ಏನೆಂದು ಕೇಳುವುದು? ಹೀಗಾಗಿ ಹುಡುಗಿಯರಿಗೆ ಮಾತ್ರೆ, ಹುಡುಗರಿಗೆ ಡ್ರಿಲ್ಲು ಎಂದು ಯಾರೂ ತೀರ್ಮಾನ ಮಾಡದೆಯೇ ತೀರ್ಮಾನವಾಗಿಬಿಟ್ಟಿತ್ತು.

ಇದರಲ್ಲಿ ತಪ್ಪಿದೆ ಎಂದು ಬೀಗದಕ್ಕನಿಗೆ ಅನ್ನಿಸಿರಲಿಲ್ಲ. ಮೊಂಡಿ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಒಮ್ಮೆ ಊಟದ ತಟ್ಟೆಯನ್ನು ಗೋಡೆಗೆ ಎಸೆದಿದ್ದಳು. ತಕ್ಷಣ ಡಾಕ್ಟರಮ್ಮನನ್ನು ಕರೆಸಿ ಮಾತ್ರೆ ಕೊಡಿಸಿದ್ದರು. ಆಮೇಲೆ ಅವಳನ್ನು ಅಳುವ ಕೋಣೆಯಲ್ಲಿ ಕೂರಿಸಿದರೆ, “ಅಕ್ಕಾ, ನಂಗೆ ಅಳು ಬರ್ತಿಲ್ಲ, ಸಿಟ್ಟು ಬರ್ತಿದೆ. ಎಲ್ರೂ ಅಳು ಅಳು ಅಂತೀರಲ್ಲ” ಎಂದು ಹಲ್ಲು ಕಚ್ಚಿದ್ದಳು. “ಹೆಣ್ಮಗು, ಅಷ್ಟು ಸಿಟ್ಟು ಒಳ್ಳೇದಲ್ಲಮ್ಮ” ಎಂದು ಬೀಗದಕ್ಕ ತಲೆ ಸವರಿದ್ದಳು. ಹುಡುಗಿ ಆ ಕೈಯನ್ನು ತಳ್ಳಿದ್ದಳು. ಅಷ್ಟೇ. ಬೀಗದಕ್ಕ ಅದನ್ನು ಮರೆತೂಬಿಟ್ಟಳು.

ಹಾಗಿರುವಾಗ ಹುಡುಗರ ತಣ್ಣಗಾಗುವ ಕೋಣೆಯ ಸೂರು ಸೋರಿತು. ರಿಪೇರಿಯವರು ಬಂದು ಹೆಂಚೆಲ್ಲ ಕೆಡವಿ ಹಾಕಿ, ಕೆಡವುವುದನ್ನು ಮಾತ್ರ ಒಪ್ಪಿಕೊಂಡವರಂತೆ ಹೊರಟುಹೋದರು. ಸಾಹೇಬರು ತಲೆ ಕೆರೆದುಕೊಂಡರು. ಅಳುವ ಕೋಣೆ ಇದ್ದದ್ದು ಎರಡೂ ಭಾಗ ಕೂಡುವಲ್ಲಿ, ಅದಕ್ಕೆ ಹುಡುಗರ ಕಡೆಯಿಂದಲೂ ಒಂದು ಬಾಗಿಲಿತ್ತು. ಸೂರು ಸರಿಯಾಗುವವರೆಗೆ ಹುಡುಗರನ್ನೂ ಅಲ್ಲೇ ಹಾಕುವುದು, ಮಧ್ಯಾಹ್ನದ ಊಟದ ಹೊತ್ತಿಗೆ ಬೀಗದಕ್ಕ ಹುಡುಗರ ಕಡೆ ಇರುವುದು ಎಂದು ನಿಶ್ಚಯವಾಯಿತು. ಜಗಳಗಳೆಲ್ಲ ಆಗುವುದು ಊಟದ ಹೊತ್ತಿಗೇ.

“ನನ್ನ ಕೋಣೇನ ಹಾಳು ಮಾಡ್ತಾರೆ ನೋಡಿ ಸರ್” ಎಂದಳು ಬೀಗದಕ್ಕ.

“ನಿಮ್ಮ ಕೋಣೆ ಯಾವಾಗ ಆಯ್ತಮ್ಮ ಅದು?” ಎಂದರು ಸಾಹೇಬರು.

ಮೊದಲು ಬಂದವನೇ ಗೂಳಿ.

ಗೂಳಿ ಎಂದರೆ ಹುಡುಗರು ಇಟ್ಟ ಹೆಸರು. ಹದಿನೇಳರ ಹುಡುಗ, ಬಾಗಿಲಲ್ಲಿ ನಿಂತರೆ ಬೆಳಕಿಗೆ ದಾರಿ ಇರಲಿಲ್ಲ. ಅವನ ಅಪ್ಪ ಗ್ಯಾರೇಜ್ ಮೇಸ್ತ್ರಿ. ರಿಪೇರಿಗೆ ಬಂದಿದ್ದ ಯಾರದೋ ಕಾರನ್ನು ಇವನು ಗೆಳೆಯನನ್ನು ಕೂರಿಸಿಕೊಂಡು ಓಡಿಸಿ ಸೇತುವೆಯ ಕಟ್ಟೆಗೆ ಗುದ್ದಿದ್ದ. ಗೆಳೆಯ ಉಳಿಯಲಿಲ್ಲ. ಇವನಿಗೆ ಹುಬ್ಬಿನ ಮೇಲೊಂದು ಗಾಯದ ಗುರುತು, ಅಷ್ಟೇ. ಅಂದು ಅವನು ಊಟದ ಮನೆಯ ಕಿಟಕಿಯ ಗಾಜು ಒಡೆದಿದ್ದ. ಕಾರಣ ಕೇಳಿದರೆ ಭುಜ ಕುಣಿಸಿದ್ದ. ಡ್ರಿಲ್ ಮಾಸ್ತರು ಕುತ್ತಿಗೆಪಟ್ಟಿ ಹಿಡಿದು ತಂದು ಒಳಗೆ ನೂಕಿದರು. ಬೀಗದಕ್ಕ ಬೀಗ ಜಡಿದು ಹೊರಗೆ ಸ್ಟೂಲು ಹಾಕಿಕೊಂಡು ಕುಳಿತಳು. ಇನ್ನು ಬಾಗಿಲು ಒದೆಯುತ್ತಾನೆ, ಹೂಜಿ ಒಡೆಯುತ್ತಾನೆ, ಪರದೆ ಹರಿಯುತ್ತಾನೆ ಎಂದು ಕಿವಿಗೊಟ್ಟಳು.

ಒಳಗಿನಿಂದ ಬಂದದ್ದು ಅಳು.

ಅವಳು ಅಳುವಿನಲ್ಲಿ ಪಳಗಿದವಳು. ಸುಳ್ಳು ಅಳು, ಹಟದ ಅಳು, ನೋಡಲಿ ಎಂದು ಅಳುವ ಅಳು, ಎಲ್ಲ ಗೊತ್ತು. ಇದು ಅದ್ಯಾವುದೂ ಅಲ್ಲ. ಹಾಸಿಗೆಯಲ್ಲಿ ಮುಖ ಹುದುಗಿಸಿ, ಯಾರಿಗೂ ಕೇಳದಿರಲಿ ಎಂದು ಬಾಯಿಗೆ ಬಟ್ಟೆ ತುರುಕಿಕೊಂಡು ಅಳುವ ಅಳು. ಅವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹುಡುಗಿಯಾಗಿದ್ದರೆ ಒಳಗೆ ಹೋಗಿ ಬೆನ್ನು ಸವರುತ್ತಿದ್ದಳು. ಇವನ ಬೆನ್ನು ಸವರುವುದೋ ಬೇಡವೋ? ಸವರಿದರೆ ಹೊಡೆದುಬಿಟ್ಟರೆ? ಸುಮ್ಮನೆ ಕೂತರೆ ಕಲ್ಲುಮನಸ್ಸಿನವಳಾಗುವುದಿಲ್ಲವೇ? ಕೊನೆಗೆ ಬಾಗಿಲು ತೆಗೆದು ಒಳಗೆ ತಲೆ ಹಾಕಿದಳು. ಅವನು ಸಿಡಿದೆದ್ದು ಗೋಡೆಗೆ ಒರಗಿ ನಿಂತ. ಮುಖವೆಲ್ಲ ಕೆಂಪು.

“ಯಾರಿಗಾದ್ರೂ ಹೇಳಿದ್ರೆ ನೋಡಿ” ಎಂದ. ಹೆದರಿಸಲು ಹೊರಟ ಮಾತು, ಹೆದರಿಕೊಂಡು ಹೊರಬಂತು.

“ಏನು ಹೇಳ್ಲಿ? ನಾನೇನು ನೋಡಿದೀನಿ?” ಎಂದಳು ಬೀಗದಕ್ಕ.

“ಆಣೆ ಮಾಡಿ.”

“ಹೂಂ ಕಣಪ್ಪ, ಆಣೆ. ನೀರು ಕುಡಿ.”

ಅವನು ಹೂಜಿ ಎತ್ತಿ ಅರ್ಧ ಖಾಲಿ ಮಾಡಿದ. ಹೊರಗೆ ಬರುವ ಹೊತ್ತಿಗೆ ಎದೆ ಉಬ್ಬಿಸಿ, ಗೆದ್ದ ಪೈಲ್ವಾನನ ಹಾಗೆ ಕಾಲು ಅಗಲಿಸಿ ನಡೆದ. ಹುಡುಗರು ಜಾಗ ಬಿಟ್ಟರು. ಬೀಗದಕ್ಕನಿಗೆ ತಾನು ಒಳಗೆ ನೋಡಿದ್ದೇ ಸುಳ್ಳೇನೋ ಅನ್ನಿಸಿತು.

ಆಮೇಲೆ ಗೂಳಿಗೆ ಹಿಡಿದದ್ದು ಒಡೆಯುವ ಹುಚ್ಚು. ಗೋಡೆಯಿಂದ ನಲ್ಲಿ ಕಿತ್ತ. ಬೆಂಚಿನ ಕಾಲು ಮುರಿದ. ಬಕೀಟು ತುಳಿದು ಚಪ್ಪಟೆ ಮಾಡಿದ. ಪ್ರತಿ ಸಲವೂ ಎಳೆದು ತಂದು ಅಳುವ ಕೋಣೆಗೆ ಹಾಕುತ್ತಿದ್ದರು, ಪ್ರತಿ ಸಲವೂ ಒಳಗಿನಿಂದ ಅದೇ ಬಟ್ಟೆ ತುರುಕಿದ ಅಳು. ಡ್ರಿಲ್ ಮಾಸ್ತರು, “ಮೊದಲು ಅಪರೂಪಕ್ಕೆ ಮಾಡ್ತಿದ್ದ, ಈಗ ದಿನಾ ಶುರು ಮಾಡಿದಾನೆ. ಆ ಮೆತ್ತನೆ ಹಾಸಿಗೆ ಕೊಟ್ಟಿದ್ದೇ ತಪ್ಪು” ಎಂದು ಕೈ ಚೆಲ್ಲಿದರು. ಸಾಹೇಬರು ಹುಡುಗನನ್ನು ಕರೆಸಿ, “ನೋಡಪ್ಪ, ಸದ್ಯದಲ್ಲೇ ನಿನ್ನ ವಿಚಾರಣೆ ಇದೆ. ನಿಂಗೆ ಹದಿನೆಂಟು ತುಂಬ್ತಿದೆ. ನಡತೆ ಸರಿ ಇದ್ರೆ ಅಪ್ಪನ ಜೊತೆ ಮನೆಗೆ. ಇಲ್ಲಾಂದ್ರೆ ದೊಡ್ಡೋರ ಜೈಲು. ಇನ್ನೊಂದು ಸಾಮಾನು ಮುರಿದ್ರೆ ನನ್ನ ಕೈಲಿ ಏನೂ ಇಲ್ಲ” ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು.

ದೊಡ್ಡವರ ಜೈಲೆಂದರೆ ಏನೆಂದು ಬೀಗದಕ್ಕನಿಗೆ ಗೊತ್ತಿತ್ತು. ಇಲ್ಲಿಂದ ಹೋಗಿ ಮತ್ತೆ ಯಾವುದೋ ಕಾಗದಕ್ಕೆಂದು ಬಂದಿದ್ದ ಒಬ್ಬ ಹುಡುಗನನ್ನು ಅವಳು ನೋಡಿದ್ದಳು. ಹೋದವನೇ ಬೇರೆ, ಬಂದವನೇ ಬೇರೆ ಎನ್ನುವ ಹಾಗಿದ್ದ.

ಹಾಗಾದರೆ ಇವನು ಯಾಕೆ ಒಡೆಯುತ್ತಾನೆ? ಅವಳು ಪಾತ್ರೆ ತೊಳೆಯುವಾಗ ಯೋಚಿಸಿದಳು, ಬಸ್ಸಿನಲ್ಲಿ ನಿಂತು ಯೋಚಿಸಿದಳು. ಯೋಚನೆ ಎಂದರೆ ಅವಳಿಗೆ ಗಂಟು ಬಿದ್ದ ದಾರ, ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಗಿಯುತ್ತಿತ್ತು. ಕೊನೆಗೆ ನಲ್ಲಿಯ ನೆನಪು ಬಂತು. ನಲ್ಲಿ ಕಿತ್ತ ದಿನ ಅವನು ಕಿತ್ತ ಮೇಲೆ ಡ್ರಿಲ್ ಮಾಸ್ತರನ್ನು ನೋಡಿರಲಿಲ್ಲ, ಅವಳ ಸೊಂಟದ ಗೊಂಚಲನ್ನು ನೋಡಿದ್ದ.

“ಒಳಗೆ ಬರೋಕೆ ಒಡೀತೀಯಾ ನೀನು?” ಎಂದು ಮುಂದಿನ ಸಲ ಬಾಗಿಲ ಸಂದಿಯಿಂದ ಕೇಳಿದಳು.

ಒಳಗೆ ಅವನು ಮೂಗು ಒರೆಸಿಕೊಂಡ ಸದ್ದು ಕೇಳಿತು.

“ಲೋ, ಅದಕ್ಕೆ ಯಾಕೋ ಮುರಿಯೋದು, ಒಡೆಯೋದು? ಹುಡುಗೀರ ಹಾಗೆ ಬಂದು ಕೇಳು. ಅಕ್ಕಾ, ಬಾಗಿಲು ತೆಗೀರಿ ಅನ್ನು. ತೆಗೀತೀನಿ.”

“ಕೇಳೋದಾ?” ಅವನ ದನಿ ಕೀರಲಾಯಿತು. “ಎಲ್ರ ಮುಂದೆ? ಅದಕ್ಕಿಂತ ಜೈಲೇ ವಾಸಿ.”

“ಡಾಕ್ಟರಮ್ಮನ ಹತ್ರ ಹೇಳೋಣ್ವಾ?”

“ನಾನು ಹುಚ್ಚನಾ?”

“ಏನಕ್ಕೆ ಅಳು ಬರುತ್ತೋ ನಿಂಗೆ? ಆ ನಿನ್ನ ಗೆಳೆಯನ್ನ ನೆನೆಸ್ಕೊಂಡಾ?”

“ಗೊತ್ತಿಲ್ಲ” ಎಂದ. “ನಿಜವಾಗ್ಲೂ ಗೊತ್ತಿಲ್ಲ ಅಕ್ಕ. ಬರುತ್ತೆ” ಎಂದ.

ಈ ಅಳುವ ಕೋಣೆಯಲ್ಲಿ ಎಷ್ಟೋ ಹುಡುಗಿಯರು ಎಷ್ಟೋ ಕಾರಣ ಹೇಳಿಕೊಂಡು ಅತ್ತಿದ್ದರು. ಕಾರಣವೇ ಗೊತ್ತಿಲ್ಲದೆ, ಕೇಳಲೂ ಬಾಯಿಲ್ಲದೆ, ಗೋಡೆಯಿಂದ ನಲ್ಲಿ ಕಿತ್ತು ಅಳುವುದಕ್ಕೆ ಬರುವವನನ್ನು ಅವಳು ಕಂಡಿರಲಿಲ್ಲ.

ಆಗ ಅವಳಿಗೆ ಹೊಳೆದ ಉಪಾಯವನ್ನು ಈಗ ಕೇಳಿದರೆ ಯಾರಿಗಾದರೂ ನಗು ಬಂದೀತು. ಅಂದು ಅದು ಭಾರೀ ಜಾಣತನವಾಗಿ ಕಂಡಿತ್ತು. ಸಾಮಾನು ಒಡೆದರೆ ತಪ್ಪು, ಸಾಮಾನಿಗೆ ಲೆಕ್ಕ ಕೊಡಬೇಕು. ಮಾತಿಗೆ ಯಾರು ಲೆಕ್ಕ ಕೇಳುತ್ತಾರೆ? ಅಳು ಬಂದ ದಿನ ಅವನು ಊಟದ ಲೋಟವನ್ನು ಬೋರಲು ಇಡುವುದು. ಅವಳು ಹತ್ತಿರ ಹೋಗಿ ಏನಾದರೊಂದು ನೆಪ ತೆಗೆದು ಗದರುವುದು. ಅವನು ಎದುರು ಮಾತಾಡುವುದು. ಅವಳು, “ನನಗೇ ತಿರುಗಿ ಮಾತಾಡ್ತೀಯಾ? ನಡಿ ಕೋಣೆಗೆ” ಎಂದು ಕರೆದೊಯ್ಯುವುದು. ಏನೂ ಒಡೆಯಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ, ಮುಗಿಯಿತು.

ಮೊದಲ ಪ್ರಯೋಗದಲ್ಲಿ ನಾಟಕ ನೆಲಕಚ್ಚಿತು. ಅವಳು, “ಏನೋ ಇದು, ಅರ್ಧ ಊಟ ಬಿಟ್ಟಿದೀಯಾ?” ಎಂದು ಕೂಗಿದರೆ ಅವನು, “ಕ್ಷಮಿಸಿ ಅಕ್ಕ, ಹೊಟ್ಟೆ ತುಂಬ್ತು” ಎಂದುಬಿಟ್ಟ. ಅವಳು ಬಗ್ಗಿ ಅವನ ಕಿವಿಯಲ್ಲಿ, “ಬೈಯೋ ದಡ್ಡ, ಬೈಯಿ” ಎಂದು ಪಿಸುಗುಟ್ಟಬೇಕಾಯಿತು. “ಏನಂತ ಬೈಲಿ?” ಎಂದು ಅವನೂ ಪಿಸುಗುಟ್ಟಿದ. ಕೊನೆಗೆ, “ನಿಮ್ಮ ಊಟ ನೀವೇ ತಿನ್ನಿ” ಎಂದು ಬಹುವಚನದಲ್ಲಿ ಬೈದ. ಅಷ್ಟು ಮರ್ಯಾದೆಯ ಅವಮಾನವನ್ನು ಬೀಗದಕ್ಕ ಜನ್ಮದಲ್ಲಿ ಕೇಳಿರಲಿಲ್ಲ. ಕೋಣೆಯೊಳಗೆ ಕರೆದೊಯ್ದು ಅವಳೇ ಪಾಠ ಮಾಡಿದಳು. “ಹೀಗಾದ್ರೆ ಯಾರೂ ನಂಬಲ್ಲ. ‘ಮುದುಕಿ’ ಅನ್ನು. ‘ತಲೆ ಕೆಟ್ಟಿದೆಯಾ’ ಅನ್ನು. ಕಣ್ಣು ಬಿಟ್ಟು ಹೇಳು.” ಅವನಿಗೆ ನಗು ಬಂತು. ನಗುತ್ತ ನಗುತ್ತಲೇ ಅತ್ತ.

ದಿನ ಹೋದ ಹಾಗೆ ಇಬ್ಬರೂ ಪಳಗಿದರು. ಅವನು ಮುದುಕಿ ಎಂದರೆ ಅವಳು ಕೋಣ ಎನ್ನುತ್ತಿದ್ದಳು. ಹುಡುಗರು ಊಟ ಬಿಟ್ಟು ಚಪ್ಪಾಳೆ ಹೊಡೆಯುತ್ತಿದ್ದರು. ಗೂಳಿಯ ಗತ್ತು ಇನ್ನಷ್ಟು ಏರಿತು. ನಲ್ಲಿಗಳು ಗೋಡೆಯಲ್ಲಿಯೇ ಉಳಿದವು, ಬೆಂಚುಗಳು ಕಾಲ ಮೇಲೆ ನಿಂತವು. ಬೀಗದಕ್ಕನಿಗೆ ಒಳಗೊಳಗೇ ಹೆಮ್ಮೆ. ಡಾಕ್ಟರಮ್ಮನಿಗೂ ಹೊಳೆಯದ್ದು ತನಗೆ ಹೊಳೆಯಿತಲ್ಲ ಎಂದು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದಳು.

ಆದರೆ ಆ ಹೆಮ್ಮೆಗೂ ಅವಳು ಮಣ್ಣು ಹಾಕಿಕೊಂಡಳು. ಹುಡುಗರೆಲ್ಲ ಹೀಗೇ ಒಳಗೆ ಅಳು ಇಟ್ಟುಕೊಂಡು ಒಡೆಯುತ್ತಾರೆ ಎಂದು ನಂಬಿ, ಯಾರಿಗೋ ಗುದ್ದಿದ್ದ ಇನ್ನೊಬ್ಬ ಹುಡುಗನನ್ನು ಒಳಗೆ ಕೂರಿಸಿ, “ಅಳಪ್ಪ, ಯಾರೂ ನೋಡಲ್ಲ” ಎಂದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಹಾಸಿಗೆಯ ಮೇಲೆ ಕಾಲು ಚಾಚಿ ಗೊರಕೆ ಹೊಡೆದ. ಮೊಂಡಿಯನ್ನು ಕರೆದು, “ನಿಂಗೆ ಸಿಟ್ಟು ತಾನೆ? ಈ ಹಾಸಿಗೆಗೆ ಗುದ್ದಮ್ಮ, ಎಷ್ಟು ಬೇಕಾದ್ರೂ ಗುದ್ದು” ಎಂದಳು. ಮೊಂಡಿ ಹಾಸಿಗೆ ನೋಡಿದಳು, ಬೀಗದಕ್ಕನನ್ನು ನೋಡಿದಳು. ಒಂದು ಗುದ್ದು ಗುದ್ದಿದಳು, ಎರಡು ಗುದ್ದಿದಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಹಾಗಾದರೆ ಇವಳದ್ದು ಸಿಟ್ಟೋ, ಅಳುವೋ? ಹುಡುಗರ ಸಿಟ್ಟಿನೊಳಗೆ ಅಳು, ಹುಡುಗಿಯರ ಅಳುವಿನೊಳಗೆ ಸಿಟ್ಟು ಎನ್ನೋಣವೆಂದರೆ ಆ ಗೊರಕೆಯವನನ್ನು ಎಲ್ಲಿಡುವುದು? ಬೀಗದಕ್ಕನ ತಲೆ ಮೊಸರುಗಡಿಗೆಯಾಯಿತು.

ಒಂದು ಸಂಜೆ ಮನೆಯಲ್ಲಿ ಯಜಮಾನನ ಎದುರು ತಟ್ಟೆ ಇಡುತ್ತ, “ನೀವು ಯಾವತ್ತಾದ್ರೂ ಅತ್ತಿದೀರಾ?” ಎಂದು ಕೇಳಿದಳು. ಅವನು ಬಸ್ ಡ್ರೈವರನಾಗಿದ್ದು ನಿವೃತ್ತನಾದವನು.

“ಯಾಕೆ? ಯಾರು ಸತ್ರು?” ಎಂದ.

“ಯಾರೂ ಸತ್ತಿಲ್ಲ. ಸುಮ್ನೆ ಕೇಳ್ದೆ.”

“ಯಾರೂ ಸಾಯದೆ ಯಾಕೆ ಅಳ್ಲಿ?” ಎಂದು ಟಿವಿಯ ಸದ್ದು ಹೆಚ್ಚಿಸಿದ. ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಮನುಷ್ಯ, ಇವನು ಏನನ್ನು ಒಡೆದು ಅಳುತ್ತಿದ್ದನೋ ಏನೋ ಅನ್ನಿಸಿತು. ಅವನು ಏನೂ ಒಡೆದವನಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಅದೂ ತಿಳಿಯಲಿಲ್ಲ.

ವಿಚಾರಣೆಯ ದಿನ ಬಂತು. ಸಾಹೇಬರ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿದ್ದರು. ಯಾರನ್ನು ಮನೆಗೆ ಬಿಡಬೇಕೆಂದು ತೀರ್ಮಾನಿಸುವ ಸಮಿತಿಯ ಅಧ್ಯಕ್ಷೆ, ನರೆಗೂದಲಿನ ಹೆಂಗಸು, ಕನ್ನಡಕದ ಮೇಲಿಂದ ನೋಡುತ್ತಿದ್ದರು. ಒಂದು ಪಕ್ಕ ಡಾಕ್ಟರಮ್ಮ, ಇನ್ನೊಂದು ಪಕ್ಕ ಡ್ರಿಲ್ ಮಾಸ್ತರು. ಗೂಳಿಯ ಅಪ್ಪ ಒಗೆದ ಶರ್ಟು ಹಾಕಿಕೊಂಡು ಬಂದಿದ್ದ, ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ. ಮಗನನ್ನು ನೋಡಿ ತಲೆಯಾಡಿಸಿದ. ಮಗನೂ ತಲೆಯಾಡಿಸಿದ. ಅಪ್ಪ ಮಗನ ಮಾತುಕತೆ ಅಲ್ಲಿಗೆ ಮುಗಿಯಿತು.

ಬೀಗದಕ್ಕ ಬಾಗಿಲ ಬಳಿ ನಿಂತಿದ್ದಳು. ಇವತ್ತು ಹುಡುಗ ಮನೆಗೆ ಹೋಗುತ್ತಾನೆ ಎಂದು ಅವಳಿಗೆ ಖಾತ್ರಿ.

“ಸಾಮಾನು ಒಡೆಯೋದನ್ನ ನಿಲ್ಲಿಸಿದಾನೆ ಮೇಡಂ, ಅದು ನಿಜ” ಎಂದರು ಸಾಹೇಬರು. “ಆದ್ರೆ ಅದಕ್ಕಿಂತ ಕೆಟ್ಟದ್ದು ಶುರು ಮಾಡಿದಾನೆ. ನಮ್ಮ ಹೆಣ್ಣು ಸಿಬ್ಬಂದಿಗೆ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈತಾನೆ. ಹೆಚ್ಚುಕಮ್ಮಿ ದಿನಾ. ಮಾಸ್ತರು ಸಂಜೆ ಸಂಜೆ ನನಗೆ ಬಂದು ಹೇಳ್ತಿದ್ರು.”

“ಮುದುಕಿ, ತಲೆಕೆಟ್ಟವಳು, ಇನ್ನೂ ಏನೇನೋ” ಎಂದರು ಡ್ರಿಲ್ ಮಾಸ್ತರು. “ನನಗೇ ಕೇಳೋಕಾಗ್ತಿರ್ಲಿಲ್ಲ. ಪಾಪ, ಈಯಮ್ಮ ಎಲ್ಲ ಹೊಟ್ಟೆಗೆ ಹಾಕ್ಕೊಂಡು ಕೆಲಸ ಮಾಡಿದಾರೆ.”

ಅಧ್ಯಕ್ಷೆಯ ಮುಖ ಗಂಟಾಯಿತು. “ಗಾಜು ಒಡೆದ್ರೆ ಗಾಜು ಹಾಕಿಸ್ಬೋದು. ಹೆಣ್ಣುಮಕ್ಕಳ ಮೇಲೆ ತಿರುಗಿ ಬೀಳೋನನ್ನ ಮನೆಗೆ ಹೇಗೆ ಕಳಿಸೋದು? ಮನೇಲಿ ತಂಗಿ ಇದಾಳೆ ಅಂತೀರಿ.”

ಬೀಗದಕ್ಕ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದಳು. ಮಾತಿಗೆ ಯಾರು ಲೆಕ್ಕ ಕೇಳುತ್ತಾರೆ ಎಂದುಕೊಂಡಿದ್ದಳಲ್ಲ, ಇವರು ಕೇಳುತ್ತಿದ್ದರು. ಅವಳೇ ಕಲಿಸಿದ ಒಂದೊಂದು ಬೈಗುಳವೂ ಹುಡುಗನ ಕುತ್ತಿಗೆಗೆ ಬಂದಿತ್ತು. ಅವಳು ಗೂಳಿಯ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಹೇಳಲೋ ಬೇಡವೋ? ಆಣೆ ಮಾಡಿದ್ದಾಳೆ. ಹೇಳದಿದ್ದರೆ ಜೈಲು. ಹೇಳಿದರೆ ಅವನು ಯಾವುದಕ್ಕೆ ಅಷ್ಟೆಲ್ಲ ಒಡೆದನೋ ಅದೇ ಬಯಲಾಗುತ್ತದೆ, ಅದೂ ಅಪ್ಪನ ಮುಂದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ನಿಂತಳು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“ನೀವೇನಾದ್ರೂ ಹೇಳ್ಬೇಕಾ ಅಮ್ಮ?” ಎಂದರು ಅಧ್ಯಕ್ಷೆ.

“ಅವನು ಬೈದಿಲ್ಲ” ಎಂದಳು ಬೀಗದಕ್ಕ. ಹೇಳುವುದೆಂದು ತೀರ್ಮಾನಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಆಡಿಬಿಟ್ಟಿತು. “ಅಂದ್ರೆ ಬೈದ, ನಾನೇ ಬೈಯೋಕೆ ಹೇಳಿಕೊಟ್ಟಿದ್ದು. ಅವನಿಗೆ ಅಳು ಬರ್ತಿತ್ತು. ಅಳೋಕೆ ಜಾಗ ಇರ್ಲಿಲ್ಲ. ನನ್ನ ಕೋಣೆಗೆ ಬಂದು ಅಳ್ತಿದ್ದ. ಬೇರೆ ಹುಡುಗ್ರಿಗೆ ಗೊತ್ತಾಗ್ಬಾರ್ದು ಅಂತ ನಾಟಕ ಆಡಿದ್ವಿ. ಮುಂಚೆ ಒಡೀತಿದ್ದಿದ್ದೂ ಅದಕ್ಕೇ. ಹುಡುಗ ಒಳ್ಳೇವ್ನು ಅಮ್ಮ. ತಪ್ಪೆಲ್ಲ ನಂದು.”

ಡ್ರಿಲ್ ಮಾಸ್ತರು ನಗಬೇಕೋ ಬೇಡವೋ ತಿಳಿಯದೆ ಸಾಹೇಬರ ಮುಖ ನೋಡಿದರು. ಡಾಕ್ಟರಮ್ಮ ಮುಂದಕ್ಕೆ ಬಾಗಿ, “ನನಗೆ ಯಾಕೆ ಹೇಳ್ಲಿಲ್ಲ ಅಕ್ಕ?” ಎಂದಳು. ದನಿಯಲ್ಲಿ ಕೋಪಕ್ಕಿಂತ ಸಂಕಟವಿತ್ತು. ಆ ಪ್ರಶ್ನೆ ಸರಿಯಾಗಿತ್ತು.

ಅಧ್ಯಕ್ಷೆ ಕನ್ನಡಕ ತೆಗೆದು ಗೂಳಿಯ ಕಡೆ ತಿರುಗಿದರು. ಅವರ ದನಿ ಮೆತ್ತಗಾಗಿತ್ತು. “ನೋಡು ಮಗು, ಇವರು ಹೇಳಿದ್ದು ನಿಜವಾದ್ರೆ ನೀನು ಇವತ್ತೇ ಮನೆಗೆ ಹೋಗ್ಬೋದು. ವಾರಕ್ಕೊಮ್ಮೆ ಡಾಕ್ಟರ ಹತ್ರ ಬಂದ್ರೆ ಸಾಕು. ನೀನೇ ಹೇಳು. ಅಳ್ತಿದ್ಯಾ?”

ಗೂಳಿ ತಲೆ ಎತ್ತಿದ. ಡ್ರಿಲ್ ಮಾಸ್ತರನ್ನು ನೋಡಿದ, ಸಾಹೇಬರನ್ನು ನೋಡಿದ, ಕೊನೆಗೆ ಅಪ್ಪನನ್ನು ನೋಡಿದ. ಅಪ್ಪ ಅವನನ್ನೇ ದಿಟ್ಟಿಸುತ್ತಿದ್ದ, ಎರಡೂ ಕೈಗಳಿಂದ ಮಂಡಿ ಹಿಡಿದುಕೊಂಡು. ‘ಹೂಂ ಅನ್ನೋ ಕಂದ, ಒಂದೇ ಒಂದು ಸಲ ಹೂಂ ಅನ್ನು’ ಎಂದು ಬೀಗದಕ್ಕನ ಮೈಯೆಲ್ಲ ಬೇಡಿಕೊಂಡಿತು.

“ಇಲ್ಲ” ಎಂದ ಗೂಳಿ.

“ಯೋಚನೆ ಮಾಡಿ ಹೇಳು.”

“ಇಲ್ಲ ಅಂದ್ನಲ್ಲ! ಈ ಮುದುಕಿಗೆ ತಲೆ ಕೆಟ್ಟಿದೆ. ಸುಳ್ಳು ಬೊಗಳ್ತಿದಾಳೆ. ನಾನ್ಯಾಕೆ ಅಳ್ಲಿ? ನಾನೇನು ಹುಡುಗೀನಾ?”

ಕಣ್ಣು ಬಿಟ್ಟು, ಎದೆ ಸೆಟೆದು, ಒಂದು ಅಕ್ಷರವೂ ತೊದಲದೆ ಹೇಳಿದ. ನಾಟಕದಲ್ಲಿ ಅವನು ಯಾವತ್ತೂ ಅಷ್ಟು ಚೆನ್ನಾಗಿ ಬೈದಿರಲಿಲ್ಲ. ಅಧ್ಯಕ್ಷೆ ಕನ್ನಡಕ ಹಾಕಿಕೊಂಡರು. ಡಾಕ್ಟರಮ್ಮ ಏನೋ ಹೇಳಲು ಹೋದಳು, ತನಗೆ ಸ್ವಲ್ಪ ಸಮಯ ಕೊಡಿ, ಇವನ ಜೊತೆ ಮಾತಾಡಬೇಕು ಎಂದಳು. ಜೈಲಿನಲ್ಲಿಯೂ ಡಾಕ್ಟರು ಇರುತ್ತಾರೆ ಎಂದು ಅಧ್ಯಕ್ಷೆ ಬರೆಯತೊಡಗಿದರು. ಗೂಳಿಯ ಅಪ್ಪ ಹಿಡಿದಿದ್ದ ಉಸಿರು ಬಿಟ್ಟ. ಅದು ದೊಡ್ಡ ಉಸಿರು, ಬಾಗಿಲ ಬಳಿ ನಿಂತ ಬೀಗದಕ್ಕನಿಗೂ ಕೇಳಿಸಿತು. ಅಪ್ಪ ಎದ್ದು ಮಗನ ಭುಜ ತಟ್ಟಿದ. “ನನ್ನ ಮಗ ಅಳೋನಲ್ಲ ಸರ್” ಎಂದ. ಮಗನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಅದು ಸಂತೋಷವೋ ಏನೋ, ಬೀಗದಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಹುಡುಗನನ್ನು ಹಿಂದಿನ ಬಾಗಿಲಿಂದ ವ್ಯಾನಿಗೆ ಕರೆದೊಯ್ದರು. ಅವನು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೂ ತಿಳಿಯದು. ಆಣೆ ಮುರಿದವಳು ತಾನು, ಬೈಸಿಕೊಂಡವಳೂ ತಾನು, ಬೈಯಲು ಕಲಿಸಿದವಳೂ ತಾನು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಕೈಕೈ ಹಿಸುಕಿಕೊಂಡು ಕಾರಿಡಾರಿನಲ್ಲಿ ಸುಮ್ಮನೆ ನಡೆದಳು.

ಕಾರಿಡಾರಿನ ತಿರುವಿನಲ್ಲಿ, ಪೊರಕೆ ಬಕೀಟು ಇಡುವ ಸಂದಿಯ ಬಳಿ ಗ್ಯಾರೇಜ್ ಮೇಸ್ತ್ರಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಹೆಜ್ಜೆ ಸದ್ದಿಗೆ ಗಕ್ಕನೆ ತಿರುಗಿದ. ಅವಳನ್ನು ಗುರುತು ಹಿಡಿದು, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿದ. ಯಾರೂ ಇರಲಿಲ್ಲ.

“ಅಮ್ಮ” ಎಂದ, ತೀರ ಸಣ್ಣ ದನಿಯಲ್ಲಿ. “ನಿಜ ಹೇಳಿ. ಅತ್ನಾ?”

ಅವನಿಗೆ ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ಎಂದು ಬೀಗದಕ್ಕ ಅವನ ಮುಖದಲ್ಲಿ ಹುಡುಕಿದಳು. ಏನೂ ಸಿಗಲಿಲ್ಲ. ಅವಳಿಗೆ ಸುಸ್ತಾಗಿತ್ತು.

“ಅತ್ತ” ಎಂದಳು. “ದಿನಾ ಅತ್ತ.”

ಮೇಸ್ತ್ರಿ ತಲೆಯಾಡಿಸಿದ, ಗಾಡಿಯ ರಿಪೇರಿಗೆ ಏನೇನು ಬೇಕೆಂದು ಕೇಳಿಸಿಕೊಳ್ಳುವವನ ಹಾಗೆ. ತಲೆಯಾಡಿಸುತ್ತಲೇ ಇದ್ದ. ಆಮೇಲೆ ಅವನ ಗದ್ದ ನಡುಗತೊಡಗಿತು.

“ನನ್ನ ಹತ್ರ ಹೇಳ್ಬೋದಿತ್ತಲ್ಲಮ್ಮ ಅವನು” ಎಂದ. “ನಾನು ಅವನಪ್ಪ ಅಲ್ವಾ? ನನ್ನ ಹತ್ರ ಹೇಳ್ಬೋದಿತ್ತಲ್ಲ.”

ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಮನುಷ್ಯ ಬಿಟ್ಟ ಉಸಿರು ಅವಳ ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಆ ಕಡೆಯಿಂದ ಬೂಟಿನ ಸದ್ದು ಕೇಳಿಸಿತು, ಮೇಸ್ತ್ರಿ ಗಾಬರಿಯಿಂದ ತೋಳಿನಲ್ಲಿ ಮುಖ ಒರೆಸಿಕೊಳ್ಳಹೋದ, ಒರೆಸಿದಷ್ಟೂ ಬರುತ್ತಿತ್ತು. ಬೀಗದಕ್ಕ ಅವನನ್ನು ಮೆಲ್ಲಗೆ ಸಂದಿಯೊಳಗೆ ತಳ್ಳಿ, ಸಂದಿಗೆ ಬೆನ್ನು ಕೊಟ್ಟು ಸೆರಗು ಅಗಲಿಸಿ ಅಡ್ಡ ನಿಂತಳು.

ಡ್ರಿಲ್ ಮಾಸ್ತರು ಬಂದು, “ಏನಕ್ಕ, ಇಲ್ಲೇನು ಮಾಡ್ತಿದೀರಿ?” ಎಂದರು.

“ಏನಿಲ್ಲ” ಎಂದಳು ಬೀಗದಕ್ಕ. “ಮೊಣಕಾಲು ನೋವು. ಸ್ವಲ್ಪ ಹೊತ್ತು ನಿಂತ್ಕೊಂಡಿರ್ತೀನಿ, ನೀವು ನಡೀರಿ.”